ಫ್ರಾಂಕಿಯ ಕಿರುಚಾಟ ನಿಂತಿತು: ಮೇಣದಲ್ಲಿ ಮೂರನೇ ಮುಳುಗು

ಕೊನೆಗೂ ನಿಂತಿದೆ. ಫ್ರಾಂಕಿ ಅಂದರೆ ರಾಕ್ ಗಿಟಾರಿಸ್ಟ್ ಎಡ್ಡಿ ವ್ಯಾನ್ ಹ್ಯಾಲನ್‌ನ ಪಟ್ಟೆಪಟ್ಟೆಯ ‘ಫ್ರಾಂಕನ್‌ಸ್ಟ್ರಾಟ್’ ನೋಡಿ ಕಟ್ಟುತ್ತಿರುವ ಎಲೆಕ್ಟ್ರಿಕ್ ಗಿಟಾರ್. ಕಿರುಚುತ್ತಿದ್ದದ್ದು ಅದರ ಪಿಕಪ್, ಅಂದರೆ ತಂತಿಗಳ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಮ್ಯಾಗ್ನೆಟ್ಟು-ಕಾಯಿಲ್ ಜೋಡಿ. ಅದನ್ನು ಕರಗಿದ ಮೇಣದಲ್ಲಿ ಮುಳುಗಿಸಿ ಕಾಯಿಲ್‌ನ ಸುತ್ತುಗಳು ಅಲುಗದಂತೆ ಮಾಡುವುದೇ ಮದ್ದು. ಗೇನ್ ಹತ್ತಕ್ಕೆ, ವಾಲ್ಯೂಮ್ ಹತ್ತಕ್ಕೆ, ಆಂಪ್‌ನಿಂದ ಒಂದೇ ಮೀಟರ್ ದೂರ. ತಂತಿಗಳಿಗೆ ಸ್ಪಂಜು ಒತ್ತಿಟ್ಟರೆ ಬರೀ ಬುಸ್ಸೆನ್ನುವ ಸದ್ದು, ಅಷ್ಟೆ. ಎರಡು ಸಲ ಕೈಕೊಟ್ಟ ಮೇಣ ಮೂರನೇ ಸಲ ಒಲಿದದ್ದು ಒಂದು ಮಲ್ಟಿಮೀಟರ್ ದೆಸೆಯಿಂದ. ಇಲ್ಲಿ ಬರೆಯುತ್ತಿರುವುದು ಅದೊಂದನ್ನೇ. ಬಾಡಿ ಕೊರೆಯುವುದು, ನೆಕ್ ಕೂರಿಸುವುದು, ಫ್ರೆಟ್ ಉಜ್ಜುವುದು ಎಲ್ಲರೂ ಮಾಡಿದ್ದೇ.

2020ರ ಅಕ್ಟೋಬರ್ 6ರಂದು ಎಡ್ಡಿ ವ್ಯಾನ್ ಹ್ಯಾಲನ್ ಹೋದ ಮೇಲೆ ಎಷ್ಟು ಗಿಟಾರ್‌ಗಳು ಮೈತುಂಬ ಟೇಪ್ ಅಂಟಿಸಿಕೊಂಡು ಬಣ್ಣ ಹೊಡೆಸಿಕೊಂಡವೋ ಲೆಕ್ಕವಿಲ್ಲ. ಈ ಮನುಷ್ಯನಿಗೆ ದುಃಖ ತೋರಿಸುವ ದಾರಿ ಗಿಟಾರೇ. 2004ರಲ್ಲಿ ಗಿಟಾರಿಸ್ಟ್ ಡೈಮ್‌ಬ್ಯಾಗ್ ಡ್ಯಾರೆಲ್ ಸತ್ತಾಗ ತನ್ನ ಹಳದಿ-ಕಪ್ಪು ಪಟ್ಟೆಯ ಗಿಟಾರನ್ನೇ ಶವಪೆಟ್ಟಿಗೆಯೊಳಗೆ ಇಟ್ಟು ಕಳಿಸಿದವನು ಅವನು. ಆದರೆ ಪಟ್ಟೆ ಎಳೆಯುವುದು ಸುಲಭದ ಭಾಗ. ಎಡ್ಡಿಯ ಬ್ಯಾಂಡ್‌ನ 1978ರ ಮೊದಲ ಆಲ್ಬಮ್‌ನ ಆ ದನಿ ಬೇಕೆಂದರೆ ಗೇನ್ ಏರಿಸಬೇಕು. ಏರಿಸಿದ ಕೂಡಲೇ ಮೇಣ ಕಾಣದ ಹಳೇ ಮಾದರಿಯ ಹಂಬಕರ್ (ಎರಡು ಕಾಯಿಲ್‌ಗಳ ಪಿಕಪ್) ಹದ್ದಿನ ಹಾಗೆ ಕಿರುಚುತ್ತದೆ. ಗಿಬ್ಸನ್ ಇಎಸ್-335 ಗಿಟಾರ್‌ನಿಂದ ಕಿತ್ತ ಪಿಎಎಫ್ ಎಂಬ ಹಳೇ ಹಂಬಕರ್‌ಗೆ ಎಡ್ಡಿಯೂ ಇದೇ ಕಾರಣಕ್ಕೆ ಮೇಣ ಕುಡಿಸಿದ್ದು. ಹೀಗೆ ಮುಳುಗಿಸಿ ಕರಗಿಸಿ ಕೆಡಿಸಿಕೊಂಡ ಪಿಕಪ್‌ಗಳ ಬಗ್ಗೆ ಅವನೇ ಹೇಳಿಕೊಂಡಿದ್ದಾನೆ. ಅದೊಂದು ಸಮಾಧಾನ.

ಮೊದಲು ರೋಗ ಯಾವುದೆಂದು ತಿಳಿಯಬೇಕು. ತಂತಿಗಳನ್ನು ಅಂಗೈಯಲ್ಲಿ ಅದುಮಿದಾಗ ಕೂಗು ನಿಂತರೆ ಅದು ತಂತಿಯ ಫೀಡ್‌ಬ್ಯಾಕ್. ಅದು ಬೇಕಾದದ್ದೇ, ಕೊಲ್ಲಬಾರದು. ಅದುಮಿದರೂ ಕೂಗುತ್ತಿದ್ದರೆ ಕಾಯಿಲ್‌ನ ತಂತಿ ಸಡಿಲವಿದೆ ಎಂದು ಅರ್ಥ. ಆ ತಂತಿ 42 ಗೇಜ್, ಅಂದರೆ 0.063 ಮಿಲಿಮೀಟರ್ ದಪ್ಪ. ಒಂದೊಂದು ಬಾಬಿನ್‌ಗೆ (ತಂತಿ ಸುತ್ತುವ ಉರುಳೆಗೆ) ಸುಮಾರು ಐದು ಸಾವಿರ ಸುತ್ತು. ಅದರಲ್ಲಿ ಕೆಲವು ಸುತ್ತು ಅಲುಗಾಡಿದರೂ ಪಿಕಪ್ ಮೈಕ್ ಆಗಿಬಿಡುತ್ತದೆ. ಪೆನ್ಸಿಲ್‌ನಿಂದ ಬಾಬಿನ್ ಮೇಲೆ ತಟ್ಟಿ ನೋಡಿ. ಆಂಪ್‌ನಲ್ಲಿ ಟಕ್ ಟಕ್ ಎಂದು ಜೋರಾಗಿ ಕೇಳಿದರೆ ಮೇಣ ಬೇಕೇ ಬೇಕು.

ಮಿಶ್ರಣ ಎಲ್ಲರಿಗೂ ಗೊತ್ತಿರುವುದೇ: ಪ್ಯಾರಾಫಿನ್ 400 ಗ್ರಾಂ, ಜೇನುಮೇಣ 100 ಗ್ರಾಂ. ಬರೀ ಪ್ಯಾರಾಫಿನ್ ತಣಿದಾಗ ಕುಗ್ಗಿ ಬಿರುಕು ಬಿಡುತ್ತದೆ, ಜೇನುಮೇಣ ಅದನ್ನು ಹಿಡಿದಿಡುತ್ತದೆ. ‘ಶುದ್ಧ ಜೇನುಮೇಣ’ ಎಂದು ಬಂದ ಪೊಟ್ಟಣ ಬಿಚ್ಚಿದರೆ ಗಮ್ಮೆಂದು ಲ್ಯಾವೆಂಡರ್ ವಾಸನೆ! ಯಾರದೋ ಕ್ಯಾಂಡಲ್‌ನ ಚೂರುಪಾರು ಒತ್ತಿ ಗಟ್ಟಿ ಮಾಡಿದ ಮಾಲು. ಅತ್ತರು ಹಾಕಿದ ಮೇಣ ತಂತಿಯ ಎನಾಮಲ್ ಲೇಪಕ್ಕೆ ಏನು ಮಾಡುತ್ತದೋ ಎಂದು ಯೋಚಿಸುತ್ತ ಕೂರುವ ಬದಲು ಎಸೆಯುವುದೇ ವಾಸಿ. ಇನ್ನೊಬ್ಬ ಪುಣ್ಯಾತ್ಮ ಎರಡು ಬಗೆಯ ಆಲ್ನಿಕೋ ಮ್ಯಾಗ್ನೆಟ್‌ಗಳನ್ನು ಚೀಟಿಯಿಲ್ಲದೆ ಒಂದೇ ಕವರ್‌ಗೆ ತುಂಬಿ ಕಳಿಸಿದ್ದ. ಅದನ್ನು ವಿಂಗಡಿಸುವ ಗೋಳು ಬೇರೆ.

ಈಗ ಆ ಹಟಮಾರಿ ಸಮಸ್ಯೆ. ಮೇಣವನ್ನು ನೇರ ಉರಿಯ ಮೇಲಲ್ಲ, ನೀರಿನ ಪಾತ್ರೆಯೊಳಗೆ ಇಟ್ಟು 65 ಡಿಗ್ರಿಯಲ್ಲಿ ನಿಲ್ಲಿಸಿ, ತಳಕ್ಕೆ ತಾಗದಂತೆ ಪಿಕಪ್ಪನ್ನು ತೂಗುಬಿಟ್ಟು, ‘ಗುಳ್ಳೆ ನಿಲ್ಲುವವರೆಗೆ ಕಾಯಿರಿ’ ಎಂಬುದು ವಾಡಿಕೆಯ ಮಾತು. ಮೊದಲೆರಡು ಸಲ ಗುಳ್ಳೆ ಆರನೇ ನಿಮಿಷಕ್ಕೆ ನಿಂತಿತ್ತು. ಎತ್ತಿ, ಒರೆಸಿ, ಜೋಡಿಸಿದರೆ ಕೂಗು ಸ್ವಲ್ಪ ತಗ್ಗಿತ್ತೇ ಹೊರತು ಹೋಗಿರಲಿಲ್ಲ. ಮೇಣದ ಶಾಖ ಏರಿಸೋಣವೆಂದರೆ ಹಳೇ ಮಾದರಿಯ ಬ್ಯುಟಿರೇಟ್ ಪ್ಲಾಸ್ಟಿಕ್ಕಿನ ಬಾಬಿನ್ 70 ಡಿಗ್ರಿ ದಾಟಿದರೆ ಸೊಟ್ಟಗಾಗುವ ಭಯ.

ಮೂರನೇ ಸಲ ಪಿಕಪ್‌ನ ವೈರ್‌ಗೆ ಮೀಟರ್ ಕಚ್ಚಿಸಿಯೇ ಮುಳುಗಿಸಿದ್ದು. ತಾಮ್ರದ ರೆಸಿಸ್ಟೆನ್ಸ್ ಡಿಗ್ರಿಗೆ ಸುಮಾರು 0.39 ಶೇಕಡ ಏರುತ್ತದೆ. ಅಂದರೆ ಕಾಯಿಲ್ಲೇ ಒಂದು ಥರ್ಮಾಮೀಟರ್. 26 ಡಿಗ್ರಿಯಲ್ಲಿ ಈ ಪಿಕಪ್ 8.05 ಕಿಲೋ ಓಮ್. ಒಳಗೆಲ್ಲ 64 ಮುಟ್ಟಿದರೆ 9.22 ತೋರಿಸಬೇಕು. ಗುಳ್ಳೆ ನಿಂತ ಆರನೇ ನಿಮಿಷದಲ್ಲಿ ಮೀಟರ್ ತೋರಿಸಿದ್ದು 8.75. ಲೆಕ್ಕ ಹಾಕಿದರೆ 49 ಡಿಗ್ರಿ! ಆ ಶಾಖದಲ್ಲಿ ಈ ಮಿಶ್ರಣ ಗಟ್ಟಿಯಾಗಿಯೇ ಇರುತ್ತದೆ. ತಣ್ಣಗಿನ ಮ್ಯಾಗ್ನೆಟ್ಟು, ತಗಡು ಸೇರಿ ಒಳಗೆ ನುಗ್ಗಿದ ಮೊದಲ ಮೇಣವನ್ನು ಬಾಗಿಲಲ್ಲೇ ಹೆಪ್ಪುಗಟ್ಟಿಸಿದ್ದವು. ಗುಳ್ಳೆ ನಿಂತದ್ದು ಹೊಟ್ಟೆ ತುಂಬಿ ಅಲ್ಲ, ಗಂಟಲು ಕಟ್ಟಿ.

ಸುಮ್ಮನೆ ಕಾಯುತ್ತ ಕುಳಿತರೆ ಒಂಬತ್ತನೇ ನಿಮಿಷಕ್ಕೆ, 8.95ರ ಆಸುಪಾಸಿನಲ್ಲಿ, ಸ್ಕ್ರೂ ಸಾಲಿನ ಬದಿಯಿಂದ ಸಾಸಿವೆ ಗಾತ್ರದ ಗುಳ್ಳೆಗಳು ಮತ್ತೆ ಸಾಲುಗಟ್ಟಿ ಎದ್ದವು. ಅದೇ ನಿಜವಾದ ಗಾಳಿ. 9.2ಕ್ಕೆ ಬಂದು ಅಂಕಿ ಅಲುಗಾಡದೆ ನಿಂತದ್ದು ಹದಿನೇಳನೇ ನಿಮಿಷಕ್ಕೆ. ಅದರ ಮೇಲೆ ಇನ್ನೂ ಐದು ನಿಮಿಷ. ಮುಂದಿನ ಪಿಕಪ್ಪನ್ನು ಹೇರ್ ಡ್ರೈಯರ್‌ನಲ್ಲಿ 45 ಡಿಗ್ರಿಗೆ ಬೆಚ್ಚಗೆ ಮಾಡಿಯೇ ಇಳಿಸುವುದು, ಸಮಯ ಉಳಿಯುತ್ತದೆ. ಎತ್ತಿದ ತಕ್ಷಣ ಮೀಟರ್ ನೋಡಿ ‘ಕಾಯಿಲ್ ಸುಟ್ಟಿತು’ ಎಂದು ಎದೆ ಹಿಡಿದುಕೊಳ್ಳಬೇಡಿ. ತಣಿದರೆ ಹಳೇ ಅಂಕಿಗೆ ಮರಳುತ್ತದೆ. ಮೀಟರ್ ‘ಓಪನ್’ (ತಂತಿ ತುಂಡಾಗಿದೆ) ಎಂದು ತೋರಿಸಿದರೆ ಮಾತ್ರ ಎದೆ ಹಿಡಿದುಕೊಳ್ಳಿ.

ಇಷ್ಟಾದ ಮೇಲೂ ತೆಳ್ಳಗೊಂದು ಕೀಚಲು ಉಳಿದಿತ್ತು. ಅದು ಪಿಕಪ್ಪಿನದಲ್ಲ, ಅದನ್ನು ಎತ್ತಿ ಹಿಡಿದ ಸ್ಪ್ರಿಂಗುಗಳದು. ಪಿಕಪ್ ಕೂರಿಸುವ ರಿಂಗ್ ತೆಗೆದು ಎಡ್ಡಿಯ ಹಾಗೆ ನೇರ ಮರಕ್ಕೇ ಸ್ಕ್ರೂ ಹೊಡೆದ ಮೇಲೆ ಅದೂ ಹೋಯಿತು. ಓರೆಯಾಗಿ ಕೂರಿಸುವುದನ್ನು ಮರೆಯಬಾರದು: ಗಿಬ್ಸನ್ ಅಳತೆಯ ಪಿಕಪ್‌ನ ಪೋಲ್‌ಗಳು (ಒಂದೊಂದು ತಂತಿಯ ಕೆಳಗೆ ಬರುವ ಲೋಹದ ತುದಿಗಳು) ಫೆಂಡರ್ ಬ್ರಿಡ್ಜ್‌ನ ತಂತಿಗಳ ಅಗಲಕ್ಕೆ ಸಾಲುವುದಿಲ್ಲ.

ಹೋಲಿಸಿ ನೋಡಲು ಒಂದು ಉಪಾಯವಿದೆ. ಮೊದಲ ಆಲ್ಬಮ್‌ನಲ್ಲಿ ಗಿಟಾರ್ ಹೆಚ್ಚಾಗಿ ಎಡಗಡೆಗಿದೆ, ಬಲಗಡೆ ಅದರ ರಿವರ್ಬ್. ಬಲ ಚಾನೆಲ್ ಮುಚ್ಚಿ ಕೇಳಿ. ನಲವತ್ತು ವರ್ಷ ಗುಹೆಯೊಳಗಿನ ಗುಡುಗೆಂದು ಕೇಳಿಸಿಕೊಂಡದ್ದು ಪಕ್ಕದಲ್ಲೇ ಕುಳಿತು ನುಡಿಸಿದ ಹಾಗೆ ಒಣಗಿ, ಹತ್ತಿರವಾಗಿ ಕೇಳುತ್ತದೆ. ಪಿಕ್ ತಂತಿಯನ್ನು ಕೆರೆಯುವುದೂ ಗೊತ್ತಾಗುತ್ತದೆ. ಒಂದು ನಿಮಿಷ 42 ಸೆಕೆಂಡಿನ ‘ಎರಪ್ಷನ್’ ಹೀಗೆ ಕೇಳಿದವರು ಸ್ವಲ್ಪ ಹೊತ್ತು ಸೋಲ್ಡರಿಂಗ್ ಐರನ್ ಕೆಳಗಿಡುತ್ತಾರೆ. ಗಿಟಾರನ್ನು ಆಲ್ಬಮ್‌ನಲ್ಲಿರುವ ಹಾಗೆ ಅರ್ಧ ಸ್ವರ ಇಳಿಸಿಯೇ ಹೋಲಿಸಿ, ಇಲ್ಲದಿದ್ದರೆ ಮೇಣಕ್ಕೆ ಸುಮ್ಮನೆ ಬೈಗುಳ.

ಇದನ್ನು ಕೇಳುತ್ತಲೇ ಮುಂದಿನ ಹುಚ್ಚು ಹತ್ತಿದೆ: ವೇರಿಯಾಕ್, ಅಂದರೆ ಆಂಪ್‌ಗೆ ಹೋಗುವ ವೋಲ್ಟೇಜನ್ನು ಏರಿಳಿಸುವ ಟ್ರಾನ್ಸ್‌ಫಾರ್ಮರ್. 120 ವೋಲ್ಟಿನ ಮಾರ್ಷಲ್ ಆಂಪನ್ನು 90ರ ಸುತ್ತಮುತ್ತ ಓಡಿಸುತ್ತಿದ್ದ ಎಡ್ಡಿ, ವೋಲ್ಟೇಜ್ ಏರಿಸುತ್ತೇನೆಂದು ಸುಳ್ಳು ಹೇಳಿ ಎಷ್ಟು ಜನರ ಆಂಪ್ ಸುಡಿಸಿದನೋ. ತೊಡಕು ಇರುವುದು ಆಂಪ್‌ನ ವಾಲ್ವ್‌ಗಳನ್ನು ಬಿಸಿ ಮಾಡುವ ಹೀಟರ್‌ನಲ್ಲಿ: 6.3 ವೋಲ್ಟ್ ಬೇಕಾದಲ್ಲಿ 4.7 ಮಾತ್ರ ಸಿಗುತ್ತದೆ, ವಾಲ್ವ್‌ನ ಕರೆಂಟನ್ನು ಹತೋಟಿಯಲ್ಲಿಡುವ ಬಯಾಸ್ ವೋಲ್ಟೇಜೂ ಕುಸಿಯುತ್ತದೆ. ಹೀಟರ್‌ಗೆ ಬೇರೆ ಟ್ರಾನ್ಸ್‌ಫಾರ್ಮರ್ ಕೊಟ್ಟು ವಾಲ್ವ್‌ನ ಪ್ಲೇಟ್ ವೋಲ್ಟೇಜ್ ಮಾತ್ರ ಇಳಿಸಿದರೆ ಅದೇ ದನಿ ಬಂದೀತೇ? ಟ್ರಾನ್ಸ್‌ಫಾರ್ಮರ್ ಆರ್ಡರ್ ಆಗಿದೆ, ಬರುವುದು ಯಾವ ಅಳತೆಯದೋ ನೋಡಬೇಕು.

ಅಲ್ಲಿಯವರೆಗೆ ಬಾಡಿಯ ಕೆಲಸ. ಕಪ್ಪು, ಬಿಳಿ ಮುಗಿದಿವೆ, ಕೆಂಪಿಗೆ ಮುಂಚಿನ ಟೇಪ್ ಬಾಕಿ. ಬ್ರಿಡ್ಜ್ ಪಕ್ಕ ಟೇಪಿನ ಅಂಚು ಎದ್ದೆದ್ದು ಬರುತ್ತಿದೆ. ಪಿಕಪ್ ಕೂರಿಸುವಾಗ ಬಿದ್ದ ಮೇಣದ ಮೂರು ಹನಿಗಳ ಕೆಲಸ. ಲೈಟರ್ ಫ್ಲೂಯಿಡ್ ಹಚ್ಚಿ ಎರಡು ಸಲ ಒರೆಸಿಯಾಯಿತು, ಒಂದು ಹನಿ ಇನ್ನೂ ಹೋಗಿಲ್ಲ.