ಚಿತ್ತೆ ಮಳೆಯ ದಿನದ ಎಣಿಕೆ

ಕಳೆದ ಅಕ್ಟೋಬರ್ ತಿಂಗಳ ಮೂರನೆಯ ಭಾನುವಾರ, ಮೂಡಿಗೆರೆ ತಾಲ್ಲೂಕಿನ ಒಂದು ಕಾಫಿ ತೋಟದಲ್ಲಿಯೂ ಅದರ ಮೇಲಿನ ಬೋಳುಗುಡ್ಡದಲ್ಲಿಯೂ ನಾವು ಕೆಲವು ಗೆಳೆಯರು ಸೇರಿ ಓರಿಯೆಂಟಿಯರಿಂಗ್ ಸ್ಪರ್ಧೆಯೊಂದನ್ನು ನಡೆಸಿದೆವು. ಈ ಆಟದಲ್ಲಿ ಸ್ಪರ್ಧಿಯ ಕೈಗೆ ಸಿಗುವುದು ಒಂದು ನಕ್ಷೆ, ಒಂದು ದಿಕ್ಸೂಚಿ. ನಕ್ಷೆಯ ಮೇಲೆ ನೇರಳೆ ವೃತ್ತಗಳಿಂದ ಗುರುತಿಸಿದ ಸ್ಥಳಗಳನ್ನು ಕ್ರಮವಾಗಿ ಹುಡುಕಿ, ಅಲ್ಲಿ ಕಟ್ಟಿರುವ ಬಿಳಿ ಮತ್ತು ಕಿತ್ತಳೆ ಬಣ್ಣದ ಬಾವುಟದ ಬಳಿ ತನ್ನ ಚೀಟಿಗೆ ಪಂಚ್ ಒತ್ತಿಕೊಂಡು ಮರಳಬೇಕು. ನಡುವಿನ ದಾರಿಯ ಆಯ್ಕೆ ಪೂರ್ತಿಯಾಗಿ ಅವರದೇ. 1897ರಲ್ಲಿ ನಾರ್ವೆಯಲ್ಲಿ ಮೊದಲ ಸಾರ್ವಜನಿಕ ಸ್ಪರ್ಧೆ ಕಂಡ ಈ ಆಟವನ್ನು ಮಲೆನಾಡಿನ ಗುಡ್ಡಕ್ಕೆ ತರುವಾಗ, ಮಳೆ ಮೋಡಗಳ ಲೆಕ್ಕವನ್ನು ನಾವೇ ಹೊಸದಾಗಿ ಹಾಕಬೇಕಾಯಿತು.

ಅಕ್ಟೋಬರ್ ತಿಂಗಳನ್ನೇ ಏಕೆ ಆರಿಸಿಕೊಂಡಿರೆಂದು ಅನೇಕರು ಕೇಳಿದರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು ಈ ಗುಡ್ಡಗಳನ್ನು ಬಿಟ್ಟುಕೊಡುವುದಿಲ್ಲ. ನವೆಂಬರ್ ಕಳೆಯುವಷ್ಟರಲ್ಲಿ ಅರೇಬಿಕಾ ಕೊಯ್ಲು ಬಿರುಸಾಗುತ್ತದೆ, ಅದರ ಬೆನ್ನಿಗೆ ರೊಬಸ್ಟಾ. ಆಳುಗಳು ಗಿಡದ ಸಾಲಿನಲ್ಲಿರುವಾಗ ಹೊರಗಿನ ಐವತ್ತು ಜನರನ್ನು ಒಳಗೆ ಬಿಡಿರೆಂದು ತೋಟದ ಮಾಲೀಕರನ್ನು ಕೇಳುವುದು ನ್ಯಾಯವಲ್ಲ. ಫೆಬ್ರವರಿಯಲ್ಲಿ ಹುಲ್ಲು ಒಣಗಿ ಕಾಳ್ಗಿಚ್ಚಿನ ಭಯವಿರುತ್ತದೆ, ಹೂಮಳೆ ಬಿದ್ದು ಗಿಡ ಬೆಳ್ಳಗೆ ಅರಳಿದ ಮೇಲೆ ಕೊಂಬೆ ಅಲುಗಿಸುವುದೇ ತಪ್ಪು. ಉಳಿಯುವುದು ಹಸ್ತ, ಚಿತ್ತೆ, ಸ್ವಾತಿ ಮಳೆಗಳ ನಡುವಿನ ಒಂದು ಸಣ್ಣ ಕಿಂಡಿ. ಆದರೆ ಈ ಕಾಲದ ಮಳೆ ಮುಂಗಾರಿನಂತೆ ಹಿಡಿದು ಸುರಿಯುವುದಲ್ಲ. ಬೆಳಗಿನ ಬಿಸಿಲಿಗೆ ನೆಲ ಕಾದು, ತೇವದ ಗಾಳಿ ಮೇಲೇರಿ, ಹಗಲು ಇಳಿಯುವ ಹೊತ್ತಿಗೆ ಗುಡುಗು ಮಿಂಚಿನೊಂದಿಗೆ ಒಂದು ಗುಡ್ಡವನ್ನು ತೋಯಿಸಿ, ಪಕ್ಕದ ಗುಡ್ಡವನ್ನು ಒಣದಾಗಿಯೇ ಬಿಟ್ಟು ಹೋಗುತ್ತದೆ. ಕಡೂರಿನ ಬಯಲಿಗೂ ಮೂಡಿಗೆರೆಯ ಘಟ್ಟದಂಚಿಗೂ ಸೇರಿಸಿ ಹೇಳುವ ಜಿಲ್ಲಾ ಮುನ್ಸೂಚನೆಯಿಂದ ಇಂಥ ದಿನವನ್ನು ಅಳೆಯಲಾಗದು. ಹವಾಮಾನ ಇಲಾಖೆ ಮುಂದಿನ ಮೂರು ಗಂಟೆಗಳಿಗೆಂದು ಕೊಡುವ ಎಚ್ಚರಿಕೆ ಮತ್ತು ಸಿಡಿಲಿನ ಸೂಚನೆ ಕೊಡುವ ದಾಮಿನಿ ಆ್ಯಪ್, ಇವೆರಡನ್ನು ನಾವು ಹೆಚ್ಚು ನಂಬಿದೆವು.

ನಕ್ಷೆಯ ಕೆಲಸಕ್ಕೇ ಎರಡು ತಿಂಗಳು ಹಿಡಿಯಿತು. ಸರ್ವೆ ಆಫ್ ಇಂಡಿಯಾದ 1:50,000 ಪ್ರಮಾಣದ ಹಾಳೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಸಮೋನ್ನತಿ ರೇಖೆಗಳ ಅಂತರ 20 ಮೀಟರ್. ತೋಟದ ಅಗಳು ಎಂದರೆ ಕಂದಕ, ಒಂಟಿ ಬಂಡೆ, ಬೇಸಿಗೆಯಲ್ಲಿ ಬತ್ತುವ ಸಣ್ಣ ಹಳ್ಳ ಅದರಲ್ಲಿ ಸಿಗುವುದಿಲ್ಲ. ಆದ್ದರಿಂದ ಒಂದು ಸೆಂಟಿಮೀಟರಿಗೆ 100 ಮೀಟರ್ ಬರುವಂತೆ ನಾವೇ ನಡೆದು ಬರೆದೆವು. ಇಂಕ್‌ಜೆಟ್‌ನಲ್ಲಿ ಮುದ್ರಿಸಿದ ಮೊದಲ ಪ್ರತಿಯನ್ನು ಬಕೆಟ್ ನೀರಿಗೆ ಅದ್ದಿ ನೋಡಿದಾಗ ಬಣ್ಣಗಳು ಕಲಸಿಹೋದವು. ಲೇಸರ್ ಮುದ್ರಣ ಕಲಸದೆ ಉಳಿಯಿತು. ಬಾವುಟ ಪ್ರತಿ ಬದಿಗೆ 30 ಸೆಂಟಿಮೀಟರಿನದು, ಮೋಡ ಇಳಿದರೆ ಇಪ್ಪತ್ತು ಹೆಜ್ಜೆಯಾಚೆ ಕಾಣದು. ಹೀಗಾಗಿ ಬಯಲು ಹುಲ್ಲಿನ ನಡುವೆ ಒಂದನ್ನೂ ಕಟ್ಟದೆ, ಹಳ್ಳ ಕೂಡುವ ಕಡೆ, ಅಗಳಿನ ಮೂಲೆ, ಬಂಡೆಯ ಬುಡ, ಹೀಗೆ ಕಾಲಿಗೇ ಗೊತ್ತಾಗುವ ಜಾಗಗಳಲ್ಲಿ ಕಟ್ಟಿದೆವು.

ಹಿಂದಿನ ಸಂಜೆ ತೋಟದ ಕಣದಲ್ಲಿ ಕುಳಿತು ಎರಡು ನಿರ್ಧಾರಗಳನ್ನು ಬರೆದಿಟ್ಟೆವು. ಗುಡ್ಡದ ನೆತ್ತಿಯ ಒಂಟಿ ಬಂಡೆ ಕಣದಿಂದ ಕಾಣದಾದ ಕೂಡಲೇ, ಇನ್ನೂ ಹೊರಡದವರಿಗೆ ತೋಟದೊಳಗಷ್ಟೇ ಸುತ್ತುವ ಎರಡನೆಯ ನಕ್ಷೆ. ಮಿಂಚು ಕಂಡು ಮೂವತ್ತು ಸೆಕೆಂಡಿನೊಳಗೆ ಗುಡುಗು ಕೇಳಿದರೆ, ಎಂದರೆ ಸಿಡಿಲು ಸುಮಾರು 10 ಕಿಲೋಮೀಟರಿನೊಳಗೆ ಬಂದಿದ್ದರೆ, ಎಲ್ಲರೂ ಕೆಳಗೆ; ಕೊನೆಯ ಗುಡುಗಿನ ಬಳಿಕ ಅರ್ಧ ಗಂಟೆ ಕಳೆಯುವವರೆಗೆ ಯಾರೂ ಮೇಲಕ್ಕಿಲ್ಲ. ಬೋಳುಗುಡ್ಡದಲ್ಲಿ ನಿಂತ ಮನುಷ್ಯನೇ ಎಲ್ಲಕ್ಕಿಂತ ಎತ್ತರದ ವಸ್ತು. ಮಳೆ ಶುರುವಾದ ಮೇಲೆ ಇವನ್ನು ಚರ್ಚಿಸಲು ಕುಳಿತರೆ, ದೂರದಿಂದ ಬಂದವರ ಆಸೆಗಣ್ಣು ನೋಡಿ ನಮ್ಮ ಮನಸ್ಸು ಮೆತ್ತಗಾಗುತ್ತದೆ ಎಂಬುದು ನನಗೆ ಗೊತ್ತಿತ್ತು.

ಭಾನುವಾರ ಬೆಳಿಗ್ಗೆ ಆಕಾಶ ತಿಳಿಯಾಗಿತ್ತು. ರಾತ್ರಿ ಆನೆಗಳು ಈ ಕಡೆ ಬಂದಿಲ್ಲವೆಂದು ಖಚಿತಪಡಿಸಿಕೊಂಡು ಬಂದ ತೋಟದ ಮೇಲ್ವಿಚಾರಕರಾದ ರೈಟರು, ಬೆವರು ಒರೆಸಿಕೊಳ್ಳುತ್ತ, "ಬಿಸಿಲು ಹಿಂಗೆ ಕಾದರೆ ಮಧ್ಯಾಹ್ನದ ತನಕ ಕಾಯಲ್ಲ ಸರ್, ಗುಡುಗು ಬಂದೇ ಬರ್ತದೆ" ಎಂದರು. ಹತ್ತೂಮುಕ್ಕಾಲಿಗೆ ಪಶ್ಚಿಮದ ಕಣಿವೆಯಿಂದ ಮೋಡ ಏರಿ ಬಂದು ಬಂಡೆಯನ್ನು ನುಂಗಿತು. ಆ ವೇಳೆಗೆ 58 ಜನರಲ್ಲಿ 41 ಮಂದಿ ಹೊರಟಿದ್ದರು; ಉಳಿದ 17 ಜನರಿಗೆ ಎರಡನೆಯ ನಕ್ಷೆ ಕೊಟ್ಟೆವು. ಹನ್ನೊಂದೂವರೆಯ ಹೊತ್ತಿಗೆ ಮಿಂಚಿಗೂ ಗುಡುಗಿಗೂ ನಡುವೆ ನಾನು ಎಣಿಸಿದ್ದು ಇಪ್ಪತ್ತೆರಡು. ಜೀಪಿನ ಹಾರ್ನ್ ಅನ್ನು ಮೂರು ಬಾರಿ ಉದ್ದಕ್ಕೆ ಒತ್ತಿಸಿದೆವು. ಐದನೆಯ ಕಂಟ್ರೋಲ್, ಎಂದರೆ ಐದನೆಯ ಬಾವುಟದ ಬಳಿ ಕಂಬಳಿ ಕೊಪ್ಪೆ ಹಾಕಿ ನಿಂತಿದ್ದ ನಮ್ಮ ಹುಡುಗರು ಬಂದವರನ್ನೆಲ್ಲ ಕೆಳಕ್ಕೆ ತಿರುಗಿಸಿದರು.

ಹನ್ನೆರಡೂವರೆಗೆ ಚೀಟಿ ಎಣಿಸಿದಾಗ 56 ಇದ್ದವು. ಮತ್ತೆ ಎಣಿಸಿದೆ, 56. ಬಾರದವರು ಜೋಡಿಯಾಗಿ ಹೊರಟಿದ್ದ ಒಬ್ಬ ಅಣ್ಣ ಮತ್ತು ತಂಗಿ. ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಮತ್ತೊಂದು ಗಂಟೆ ಎಂದು ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರಕ್ಕೆ, ಒದ್ದೆ ಹುಲ್ಲಿಗೂ ರಕ್ತ ಹೀರುವ ಇಂಬಳಗಳಿಗೂ ಎಂದು ಅರ್ಧದಷ್ಟು ಸೇರಿಸಿ ನೋಡಿದರೂ ಅವರು ಬರಬೇಕಾದ ಹೊತ್ತು ಮೀರಿತ್ತು. ಮಳೆ ಟಾರ್ಪಾಲಿನ್ ಮೇಲೆ ಬಡಿಯುತ್ತಿತ್ತು. ಕೊನೆಯ ಗುಡುಗಿನ ಬಳಿಕ ಅರ್ಧ ಗಂಟೆ ಕಳೆಯದೆ ಯಾರನ್ನೂ ಮೇಲಕ್ಕೆ ಕಳಿಸುವಂತಿರಲಿಲ್ಲ. ನಾವೇ ಬರೆದ ಆ ನಿಯಮವನ್ನು ಪಾಲಿಸುತ್ತ ಕುಳಿತದ್ದು ಆ ದಿನ ನಾನು ಮಾಡಿದ ಅತ್ಯಂತ ಕಷ್ಟದ ಕೆಲಸ. ಅಷ್ಟರಲ್ಲಿ ರೈಟರು ಜೀಪು ತೆಗೆದುಕೊಂಡು ತೋಟದ ಗಡಿಯ ರಸ್ತೆಯಲ್ಲಿ ಹೊರಟಿದ್ದರು. ಐವತ್ತು ನಿಮಿಷಗಳ ನಂತರ ಇಬ್ಬರನ್ನೂ ಕೂರಿಸಿಕೊಂಡು ಬಂದರು.

ಅವರು ನಮ್ಮ ಸೂಚನೆಯನ್ನು ಅಕ್ಷರಶಃ ಪಾಲಿಸಿದ್ದರು. ದಾರಿ ತಪ್ಪಿದರೆ ಪೂರ್ವಕ್ಕೆ ಇಳಿಯಿರಿ, ಅಗಳು ಸಿಕ್ಕ ಮೇಲೆ ಅದರ ಪಕ್ಕದಲ್ಲೇ ನಡೆದು ರಸ್ತೆ ಸೇರಿ ಎಂದು ನಕ್ಷೆಯ ಅಂಚಿನಲ್ಲಿ ಮುದ್ರಿಸಿದ್ದೆವು. ಅಗಳು ಸಿಕ್ಕಿತ್ತು, ಆದರೆ ಎಡಕ್ಕೋ ಬಲಕ್ಕೋ ಎಂಬುದನ್ನು ನಾವು ಬರೆದಿರಲಿಲ್ಲ. ಅವರು ಎಡಕ್ಕೆ ತಿರುಗಿ, ಕಣದಿಂದ ನಾಲ್ಕು ಕಿಲೋಮೀಟರ್ ದೂರದಲ್ಲಿ ರಸ್ತೆ ಸೇರಿ, ಅಲ್ಲಿನ ತೋಟದ ಆಳುಗಳ ಲೈನ್ ಮನೆಯೊಂದರ ಜಗಲಿಯಲ್ಲಿ ಕಾಫಿ ಕುಡಿಯುತ್ತ ಮಳೆ ನಿಲ್ಲುವುದನ್ನು ಕಾಯುತ್ತಿದ್ದರು. ತಂಗಿ ನನ್ನ ಕೈಗೆ ಚೀಟಿ ಕೊಟ್ಟು, "ತಡ ಆಯ್ತು ಸರ್, ತಪ್ಪು ತಿಳ್ಕೋಬೇಡಿ" ಎಂದಳು. ತಪ್ಪು ಅವಳದಲ್ಲ, ಗಡಿಬಿಡಿಯಲ್ಲಿ ನಾನೇ ಬರೆದ ಆ ಸಾಲಿನದು ಎಂದು ಅಲ್ಲಿಯೇ ಎಲ್ಲರ ಎದುರು ಹೇಳಿದೆ.

ಈ ವರ್ಷದ ನಕ್ಷೆಯ ಕರಡು ನನ್ನ ಮೇಜಿನ ಮೇಲಿದೆ. ಪ್ರತಿ ಸ್ಪರ್ಧಿಯ ಚೀಟಿಯ ಅರ್ಧ ಭಾಗವನ್ನು ಹೊರಡುವಾಗಲೇ ಹರಿದು ಹಲಗೆಯ ಮೊಳೆಗೆ ಸಿಕ್ಕಿಸಿ, ಮರಳಿದಾಗ ಅವರೇ ಬಂದು ತೆಗೆಯುವ ಏರ್ಪಾಟು ಮಾಡಿದ್ದೇವೆ. ರಸ್ತೆಯ ಎರಡೂ ತುದಿಗೆ ಒಬ್ಬೊಬ್ಬರು ನಿಲ್ಲುತ್ತಾರೆ. ಅಂಚಿನ ಸೂಚನೆ ಈಗ ಹೀಗಿದೆ: "ಪೂರ್ವಕ್ಕೆ ಇಳಿಯಿರಿ. ಅಗಳು ಸಿಕ್ಕ ಮೇಲೆ ಬಲಕ್ಕೆ ತಿರುಗಿ, ಅಗಳನ್ನು ಎಡಗೈ ಪಕ್ಕದಲ್ಲಿಟ್ಟುಕೊಂಡು ಕಣದವರೆಗೆ ನಡೆಯಿರಿ." ಕಳೆದ ವಾರ ಮಂಜಿನಲ್ಲಿ ನಾನೇ ಒಬ್ಬನೇ ಅದನ್ನು ಅನುಸರಿಸಿ ನಡೆದು ನೋಡಿದೆ, ಕಣ ಸೇರಲು ಮೂವತ್ತೆಂಟು ನಿಮಿಷ ಹಿಡಿಯಿತು.