ಬಿಲ್ಲಿನ ಹಿಂದೆ ಬರೆದ ಎರಡು ಗುಡ್ಡ

2011ರ ಏಪ್ರಿಲ್ 2, ಶನಿವಾರ. ಮುಂಬೈಯ ವಾಂಖೆಡೆಯಲ್ಲಿ ವಿಶ್ವಕಪ್ ಫೈನಲ್. ನಾನಾಗ ಚರ್ಚ್‌ಗೇಟ್ ಸ್ಟೇಷನ್ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರ್. ಅಲ್ಲಿಂದ ಸ್ಟೇಡಿಯಂಗೆ ನಡೆದೇ ಹೋಗಬಹುದು. ಗಲ್ಲಾದಲ್ಲಿ ಹೊಸದಾಗಿ ಕೂರುವ ಹುಡುಗರಿಗೆ ಆ ದಿನದ ಎಡವಟ್ಟನ್ನು ಈಗಲೂ ಹೇಳುತ್ತಿರುತ್ತೇನೆ.

ತಯಾರಿಗೆ ಸಿಕ್ಕಿದ್ದು ಎರಡೇ ದಿನ. ಶ್ರೀಲಂಕಾ ಮಂಗಳವಾರವೇ ಸೆಮಿಫೈನಲ್ ಗೆದ್ದು ಕೂತಿತ್ತು. ಬುಧವಾರ ರಾತ್ರಿ ಮೊಹಾಲಿಯಲ್ಲಿ ಪಾಕಿಸ್ತಾನ ಸೋತ ಮೇಲಷ್ಟೇ ನಮ್ಮವರು ಬರುವುದು ಖಾತ್ರಿಯಾಯಿತು. ಗುರುವಾರ ಬೆಳಿಗ್ಗೆ ಧಣಿಗಳು, ಅಡುಗೆ ಭಟ್ಟರು, ನಾನು ಕೂತು ಲೆಕ್ಕ ಹಾಕಿದೆವು. ಭಟ್ಟರಿಗೆ 1987 ನೆನಪಾಯಿತು. ಇದೇ ವಾಂಖೆಡೆಯಲ್ಲಿ ಸೆಮಿಫೈನಲ್. ಇಂಗ್ಲೆಂಡಿನ ಗೂಚ್ ಸ್ವೀಪ್ ಮಾಡಿ ಮಾಡಿಯೇ 115 ಹೊಡೆದು ನಮ್ಮ ಕಥೆ ಮುಗಿಸಿದ್ದ.

"ಸೋತರೆ ಹೊಟ್ಟೆಗೆ ತಿನ್ನದೆ ಬಿಡ್ತಾರಾ ಮಾರಾಯ್ರೆ? ಸಂಜೆ ನುಗ್ಗಿದ್ರು ನೋಡಿ, ಒಂಬತ್ತಕ್ಕೆ ಸಾಂಬಾರ್ ಖಾಲಿ!"

ಸರಿ, ಅದೇ ಖಾಯಂ ಆಯಿತು. ಸಂಜೆಗೆ ದುಪ್ಪಟ್ಟು ಹಿಟ್ಟು, ದುಪ್ಪಟ್ಟು ಚಟ್ನಿ. ಇನ್ನೊಂದು ವಿಷಯಕ್ಕೂ ಧಣಿಗಳು ಒಪ್ಪಿದರು: ಟಿವಿ. ಉಡುಪಿ ಹೋಟೆಲಿನಲ್ಲಿ ಟಿವಿ ಇಡಬಾರದು ಅನ್ನುವುದು ಅವರ ಹಳೇ ನಿಯಮ. ನಮ್ಮ ದಂಧೆ ನಡೆಯುವುದೇ ಟೇಬಲ್ ಬೇಗ ಬೇಗ ಖಾಲಿಯಾದರೆ. ತಿಂದವರು ಏಳಬೇಕು, ನಿಂತವರು ಕೂರಬೇಕು. ಆದರೆ ಫೈನಲ್ ಅಲ್ವಾ, ಇರಲಿ ಅಂದರು.

ಆಗ ನಮ್ಮಲ್ಲಿಗೆ ದಿನಾ ಬೆಳಿಗ್ಗೆ ಬರುತ್ತಿದ್ದ ಒಬ್ಬ ಜರ್ಮನ್ ಗಿರಾಕಿ ಇದ್ದರು. ಊರು ಸ್ಟುಟ್‌ಗಾರ್ಟ್. ಫೋರ್ಟ್‌ನಲ್ಲಿ ಆಫೀಸು, ಮುಂಬೈಗೆ ಬಂದು ಎರಡು ವರ್ಷ. ಇಡ್ಲಿಯನ್ನು ಫೋರ್ಕಿನಲ್ಲಿ ಕುಯ್ದು ತಿನ್ನುವುದನ್ನು ನೋಡಿ ಹುಡುಗರು ನಗುತ್ತಿದ್ದರು. ಎಲ್ಲರಂತೆ ಅವರೂ ನನ್ನನ್ನು ಅಣ್ಣಾ ಅಂತಲೇ ಕರೆಯುತ್ತಿದ್ದರು. ಕ್ರಿಕೆಟ್ಟು ಮಾತ್ರ ಒಂದಕ್ಷರ ಗೊತ್ತಿಲ್ಲ.

ಶುಕ್ರವಾರ ನಮ್ಮ ತಯಾರಿ ಕೇಳಿ ಅವರು ತಲೆ ಅಲ್ಲಾಡಿಸಿದರು. 2006ರ ಫುಟ್‌ಬಾಲ್ ವಿಶ್ವಕಪ್ ಜರ್ಮನಿಯ 12 ಊರುಗಳಲ್ಲಿ ನಡೆದಿತ್ತು, ಅವರದ್ದೂ ಅದರಲ್ಲೊಂದು. ಮೂರನೇ ಸ್ಥಾನದ ಪಂದ್ಯದಲ್ಲಿ ಜರ್ಮನಿ ಪೋರ್ಚುಗಲನ್ನು 3-1ರಿಂದ ಸೋಲಿಸಿದ್ದು ಅಲ್ಲೇ. ಅವರ ಭಾವನದು ಅಲ್ಲೊಂದು ಬೇಕರಿ. ನನ್ನ ಕೈಯಿಂದ ಪೆನ್ನು ತಗೊಂಡು ಬಿಲ್ಲಿನ ಹಿಂದೆ ಎರಡು ಗುಡ್ಡ ಬರೆದರು. ಪಂದ್ಯಕ್ಕೆ ಮೊದಲೊಂದು, ಮುಗಿದ ಮೇಲೊಂದು, ನಡುವೆ ಆಟದ ಹೊತ್ತಿಗೆ ದೊಡ್ಡದೊಂದು ತಗ್ಗು.

"ಟಿಕೆಟ್ ಇದ್ದವರು ಒಳಗೆ. ಇಲ್ಲದವರು ಟಿವಿ ಮುಂದೆ. ಆ ಹೊತ್ತಲ್ಲಿ ನಿಮ್ಮ ಹೋಟೆಲಿಗೆ ತಿನ್ನೋಕೆ ಯಾರು ಬರ್ತಾರೆ ಅಣ್ಣಾ?"

ಆಮೇಲೆ ಇನ್ನೊಂದು ಮಾತು ಹೇಳಿದರು. ಮೊಹಾಲಿ ಪಂದ್ಯ ನಡೆಯುತ್ತಿದ್ದಾಗ, ಬುಧವಾರ ಸಂಜೆ ಆರಕ್ಕೆ ಚರ್ಚ್‌ಗೇಟಿನಿಂದ ಬಾಂದ್ರಾಕ್ಕೆ ಹೊರಟಾಗ ಲೋಕಲ್‌ನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತಂತೆ. ಎರಡು ವರ್ಷದಲ್ಲಿ ಅದೇ ಮೊದಲು. "ಗಣಪತಿ ಹಬ್ಬಕ್ಕೆ ನಿಮ್ಮೂರು ಬೀದಿಗೆ ಬರುತ್ತೆ. ಈ ಹಬ್ಬಕ್ಕೆ ಮಾತ್ರ ಬಾಗಿಲು ಹಾಕಿಕೊಳ್ಳುತ್ತೆ, ಗೆಲ್ಲೋವರೆಗೆ." ನಾನು ನಕ್ಕು ಬಿಲ್ಲು ಮಡಚಿ ಜೇಬಿಗೆ ಹಾಕಿಕೊಂಡೆ. ಕ್ರಿಕೆಟ್ ಗೊತ್ತಿಲ್ಲದವರ ಮಾತು ಅಂತ ಸುಮ್ನೆ ಬಿಟ್ಟೆ.

ಶನಿವಾರ ಬೆಳಿಗ್ಗೆ ಎಂಟರಿಂದಲೇ ನೀಲಿ ಅಂಗಿಯವರ ಸಾಲು. ಸ್ಟೇಡಿಯಂ ಒಳಗೆ ಡಬ್ಬ, ನೀರಿನ ಬಾಟ್ಲಿ ಬಿಡುವುದಿಲ್ಲ, ಹಾಗಾಗಿ ಎಲ್ಲರೂ ಹೊಟ್ಟೆ ತುಂಬಿಸಿಕೊಂಡೇ ಹೋಗುವವರು. ಹನ್ನೊಂದಕ್ಕೆಲ್ಲ ಇಡ್ಲಿ, ವಡೆ ಮುಗಿಯಿತು! ಸಂಜೆಗೆಂದು ಇಟ್ಟ ಹಿಟ್ಟು ಇನ್ನೂ ಉಬ್ಬಿರಲಿಲ್ಲ. ಎಷ್ಟೋ ಜನ ತಿರುಗಿ ಹೋದರು.

ಎರಡೂವರೆಗೆ ಆಟ ಶುರು. ಟಾಸ್ ಎರಡು ಸಲ ಹಾಕಿದರು, ಗದ್ದಲದಲ್ಲಿ ಶ್ರೀಲಂಕಾ ನಾಯಕ ಸಂಗಕ್ಕರ ಹೇಳಿದ್ದು ರೆಫ್ರಿಗೆ ಕೇಳಿಸಲಿಲ್ಲವಂತೆ. ಅಲ್ಲಿಂದ ನಮ್ಮ ತಗ್ಗು ಶುರುವಾಯಿತು. ಹೋಟೆಲ್ ಭರ್ತಿ, ಗಲ್ಲಾ ಖಾಲಿ. ಒಂದು ಕಟಿಂಗ್ ಚಾ, ಅಂದರೆ ಅರ್ಧ ಗ್ಲಾಸ್ ಚಾ ಹೇಳಿ ಎಂಟು ಗಂಟೆ ಕೂತವರಿದ್ದರು. ಏಳಿ ಅನ್ನಲಾಗುತ್ತದೆಯೇ? ಸಪ್ಲೈಯರ್ ಹುಡುಗರೂ ಟಿವಿ ಕೆಳಗೇ ನಿಂತಿದ್ದರು. ಸಚಿನ್ 18ಕ್ಕೆ ಔಟಾದಾಗ ಹೊರಗೆ ರಸ್ತೆಯಲ್ಲಿ ನಾಯಿ ಬೊಗಳಿದ್ದೂ ಕೇಳಿಸಿತು.

ಆಮೇಲೆ ಹೊಳೆಯಿತು. ವಾಂಖೆಡೆಯಲ್ಲಿ ಹಿಡಿಯುವುದೇ ಸುಮಾರು 33,000 ಜನ. ಅದರಲ್ಲಿ ಸಾಮಾನ್ಯರಿಗೆ ಮಾರಿದ್ದು ಸುಮಾರು 4,000 ಟಿಕೆಟ್. ಊರಿನ ಜನ ಒಂದು ಕೋಟಿ ದಾಟಿದೆ. ಮಿಕ್ಕವರೆಲ್ಲ ಮನೆಯಲ್ಲಿ! ಭಟ್ಟರ ನೆನಪೇನೋ ಸುಳ್ಳಲ್ಲ. ಆದರೆ 1987ರದ್ದು ಹಗಲಿನ ಪಂದ್ಯ, ಸಂಜೆಗೇ ಮುಗಿದಿತ್ತು. ಜನ ಹಸಿದು ಹೊರಬಂದಾಗ ಊಟದ ಹೊತ್ತು. ಇದು ಹಗಲು-ರಾತ್ರಿ ಪಂದ್ಯ. ಇಷ್ಟು ಸಣ್ಣ ವಿಷಯ ಮೂರು ಜನರಲ್ಲಿ ಒಬ್ಬರಿಗೂ ತಲೆಗೆ ಹೋಗಲಿಲ್ಲ.

ಸಂಜೆ ಏಳರ ಹೊತ್ತಿಗೆ ಹಿಟ್ಟು ಹುಳಿಯಾಗತೊಡಗಿತು. ಏಪ್ರಿಲ್ ಸೆಕೆ ಕೇಳಬೇಕೇ? ಚಟ್ನಿ ಚೆಲ್ಲಿದೆವು. ಭಟ್ಟರು ಹಿಟ್ಟನ್ನೆಲ್ಲ ಉತ್ತಪ್ಪಕ್ಕೆ ತಿರುಗಿಸಿದರು, ಕೊಳ್ಳುವವರಿಲ್ಲ. ಹತ್ತಕ್ಕೆ ನಾನೇ ಒಲೆ ಆರಿಸಲು ಹೇಳಿದೆ. ಇದು ಪೂರ್ತಿ ನನ್ನ ತಪ್ಪು. ಹನ್ನೊಂದಾಗುತ್ತಾ ಬಂದಾಗ ಧೋನಿ ಗೆಲುವಿನ ಸಿಕ್ಸರ್ ಎತ್ತಿದ. ಐದೇ ನಿಮಿಷ, ಮನೆಗಳಿಂದ, ಸ್ಟೇಷನ್ನಿನಿಂದ ಜನ ಹರಿದು ಬಂದರು. ಎಲ್ಲರೂ ಮರೀನ್ ಡ್ರೈವ್ ಕಡೆಗೆ. ಕೂತು ತಿನ್ನುವವರು ಒಬ್ಬರೂ ಇಲ್ಲ. ನೀರು ಕೊಡಿ, ಚಾ ಕೊಡಿ, ಕೈಯಲ್ಲಿ ಹಿಡಿದು ತಿನ್ನುವಂಥದ್ದು ಏನಾದ್ರೂ ಕೊಡಿ. ನಮ್ಮಲ್ಲಿ ಪಾರ್ಸೆಲ್ ಕಾಗದವೂ ಸಾಕಷ್ಟಿರಲಿಲ್ಲ, ಎಣ್ಣೆ ತಣ್ಣಗಾಗಿತ್ತು. ಹತ್ತಿರದ ವಡಾಪಾವ್ ಗಾಡಿಯವನು ಮಾತ್ರ ಬೆಳಗಿನಜಾವದವರೆಗೂ ಮಾರಿದ.

ಅದೇ ತಿಂಗಳು ವಾಂಖೆಡೆಯಲ್ಲಿ ಐಪಿಎಲ್. ಅಷ್ಟರಲ್ಲಿ ನಾನು ಪಾಳಿ ಬದಲಿಸಿದ್ದೆ. ಪಂದ್ಯದ ದಿನ ಟಾಸ್‌ಗೆ ಮೂರು ಗಂಟೆ ಮೊದಲು ಎಲ್ಲರೂ ಕೆಲಸಕ್ಕೆ, ಆಮೇಲೆ ಅರ್ಧ ಜನಕ್ಕೆ ರಜೆ, ಕೊನೆಯ ಐದು ಓವರಿಗೆ ಮತ್ತೆ ಎಣ್ಣೆ ಬಿಸಿ. ರುಬ್ಬುವುದು ಎರಡು ಸರ್ತಿ, ಎರಡನೆಯದು ಫ್ರಿಜ್ಜಿನಲ್ಲಿ. ರಾತ್ರಿಗೆ ವಡೆ, ಬೋಂಡಾ, ಚಾ ಅಷ್ಟೇ. ಟಿವಿಯನ್ನು ಧಣಿಗಳು ಮನೆಗೆ ಒಯ್ದರು.

ಫೈನಲ್ ಆದ ಸೋಮವಾರ ಗುಡಿ ಪಾಡ್ವ, ಆಫೀಸುಗಳಿಗೆ ರಜೆ. ಜರ್ಮನ್ ಸಾಹೇಬರು ಮಂಗಳವಾರ ಬಂದರು. ನಾನು ಮುದುಡಿದ ಬಿಲ್ಲನ್ನು ತೆಗೆದು ಗಲ್ಲಾದ ಮೇಲಿಟ್ಟೆ. ಅದನ್ನೊಮ್ಮೆ ನೋಡಿ, ಭಾರತ ಗೆಲ್ಲೋದಕ್ಕೆ ಎಷ್ಟು ಗೋಲು ಹೊಡೀಬೇಕಾಯ್ತು ಅಣ್ಣಾ ಅಂತ ಕೇಳಿದರು.