ಗನ್ನಿಗಿಂತ ಮೊದ್ಲ ಪೆಲೆಟ್ ನೋಡ್ರಿ

2024ರ ಪ್ಯಾರಿಸ್ ಒಲಿಂಪಿಕ್ಸ್ ಆದ್ಮ್ಯಾಲೆ ನಮ್ಮ ಹುಬ್ಬಳ್ಳಿ-ಧಾರವಾಡ ಕಡೆ ಏರ್ ರೈಫಲ್ ಬಗ್ಗೆ ಕೇಳವ್ರು ಭಾಳ ಮಂದಿ ಆಗ್ಯಾರ. ಮನು ಭಾಕರ್ ಎರಡು ಕಂಚು ತಂದ್ಳು, ನಮ್ಮ ಬಾಜೂಕಿನ ಕೊಲ್ಲಾಪುರ ಜಿಲ್ಲಾದ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್ ತ್ರೀ ಪೊಸಿಷನ್‌ನ್ಯಾಗ ಕಂಚು ತಂದ, ಅದನ್ನ ಟಿವಿಯಾಗ ನೋಡಿದ ಹುಡುಗೂರು ಈಗ ಅಪ್ಪಾರ ಕೈ ಹಿಡಿದು ಜಗ್ಗಾಕತ್ತಾವ. ಮೊದ್ಲ ಹಂಗಿರ್ಲಿಲ್ಲ, ಸಿದ್ಧಾರೂಢರ ಜಾತ್ರ್ಯಾಗ ಬಲೂನ್ ಹೊಡಿಯೂದು, ಇಲ್ಲಂದ್ರ ಕಾಲೇಜಿನ ಎನ್‌ಸಿಸಿಯಾಗ ಪಾಯಿಂಟ್ ಟೂಟೂ ರೈಫಲ್ ಹಿಡಿದು ಒಂದೆರಡು ಗುಂಡು ಹಾರ್ಸೂದು, ಅಷ್ಟಕ್ಕ ಮುಗೀತಿತ್ತು. ಫೋನ್ ಮಾಡವ್ರೆಲ್ಲಾ ಕೇಳೂದು ಒಂದ ಪ್ರಶ್ನೆ, ಅಣ್ಣಾರ ಯಾವ ಗನ್ ತಗೋಳೂಣು, ಎಷ್ಟು ಪವರಿಂದು ತಗೋಳೂಣು, ಸ್ಕೋಪ್ ಹಾಕ್ಸೂಣೇನು ಅಂತ. ಪೆಲೆಟ್, ಅಂದ್ರ ಏರ್‌ಗನ್ನಿಗೆ ಹಾಕೋ ಸಣ್ಣ ಸೀಸದ ಗುಂಡು, ಯಾವುದು ಹಾಕ್ಬೇಕ್ರಿ ಅಂತ ಕೇಳವ್ರು ಸಿಗೂದ ಅಪರೂಪ. ಅದಕ್ಕ ಇವತ್ತ ಪೆಲೆಟ್ ಬಗ್ಗೇನ ಬರೀತೀನಿ.

ಅದಕ್ಕೂ ಮೊದ್ಲ ಶಿಕಾರಿ ಮಾತು ಮುಗಿಸಿಬಿಡ್ತೀನಿ. ಅಮೆರಿಕಾದವ್ರ ವಿಡಿಯೋ ನೋಡಿ, ಅವ್ರು ಮನ್ಯಾಗ ಕುಂತು ಖಾಲಿ ತೋಟಾಕ್ಕ ಮದ್ದು, ಗುಂಡು ತುಂಬೂದು, ಮುನ್ನೂರು ಮೀಟರ್ ದೂರದಾಗ ದೊಡ್ಡ ಪ್ರಾಣಿ ಹೊಡಿಯೂದು ನೋಡಿ, ನಾವೂ ಹಂಗ ಮಾಡಬಹುದೇನ್ರಿ ಅಂತ ಕೇಳವ್ರು ಅದಾರ. ಇಲ್ರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ್ಮ್ಯಾಲೆ ನಮ್ಮ ದೇಶದಾಗ ಶೋಕಿಗೆ ಶಿಕಾರಿ ಅನ್ನೂದ ಇಲ್ಲ. ರಾಣೇಬೆನ್ನೂರ ಕೃಷ್ಣಮೃಗ, ಬಂಕಾಪುರ ಕೋಟಿಯಾಗಿನ ನವಿಲು, ಎರಡೂ ಆ ಕಾಯ್ದೆಯ ಮೊದಲ್ನೇ ಶೆಡ್ಯೂಲಿನವು, ಹೊಡದ್ರ ಕಮ್ಮಿಯಂದ್ರ ಮೂರು ವರ್ಷ ಜೈಲು, ಏಳು ವರ್ಷದತನಕ ಹೋಗಬಹುದು. ಹೊಲಕ್ಕ ಹಂದಿ ಬಂದು ಗೋವಿನಜೋಳ ಎಲ್ಲಾ ಮಲಗಿಸಿ ಹೋಗ್ತಾವ, ರೈತರ ಹೊಟ್ಟಿ ಉರಿ ನಂಗೂ ಗೊತ್ತೈತಿ, ನಮ್ಮ ಮಂದೀದೂ ಹಾವೇರಿ ಕಡೆ ಹೊಲ ಐತಿ, ಆದ್ರ ಅದಕ್ಕ ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟು ಪರಿಹಾರ ಕೇಳಬೇಕು, ಸೋಲಾರ್ ಬೇಲಿ ಹಾಕ್ಸಬೇಕು. ಏರ್‌ಗನ್ ತಗೊಂಡು ಹಂದಿ ಮ್ಯಾಲ ಹೋಗೂದು ಕಾನೂನಿಗೂ ತಪ್ಪು, ಪ್ರಾಣಿಗೂ ಕ್ರೂರ, ಅದು ಸಾಯಂಗಿಲ್ಲ, ಗಾಯ ಹೊತ್ಕೊಂಡು ಕಬ್ಬಿನ ಗದ್ದ್ಯಾಗ ಹೊಕ್ಕು ಕೀವು ತುಂಬಿ ನರಳ್ತೈತಿ. ತೋಟಾ ತುಂಬೂದೂ ಅಷ್ಟ, ಅದು ಕಾನೂನಿನ ಕಣ್ಣಾಗ ಮದ್ದುಗುಂಡು ತಯಾರಿಕೆ, 1959ರ ಆರ್ಮ್ಸ್ ಆಕ್ಟ್ ಪ್ರಕಾರ ತಯಾರಿಕೆಗೆ ಬ್ಯಾರೇನ ಲೈಸೆನ್ಸ್ ಬೇಕು. ಬಂದೂಕಿನ ಲೈಸೆನ್ಸ್ ಐತಿ ಅಂದಮಾತ್ರಕ್ಕ ಮನ್ಯಾಗ ಮದ್ದು ತುಂಬಾಕ ಬರಂಗಿಲ್ಲ.

ಆದ್ರ ಆ ತೋಟಾ ತುಂಬೋ ಮಂದಿ ಹಂತ್ಯಾಕ ಒಂದು ಚಲೋ ಗುಣ ಐತಿ, ತಾವು ಹಾರ್ಸೋ ಒಂದೊಂದು ಗುಂಡಿನ ಬಗ್ಗೆನೂ ಅವ್ರಿಗೆ ಕಾಳಜಿ ಇರ್ತೈತಿ. ತೂಕ ನೋಡ್ತಾರ, ಅಳತಿ ನೋಡ್ತಾರ, ತಮ್ಮ ಬ್ಯಾರಲ್‌ಗೆ ಯಾವುದು ಒಗ್ತೈತಿ ಅಂತ ಹೊಡದು ನೋಡ್ತಾರ. ಆ ಕಾಳಜಿ ನಾವು ಏರ್ ರೈಫಲ್‌ನವ್ರೂ ಪೆಲೆಟ್ ಮ್ಯಾಲ ತೋರಿಸಬಹುದು, ಅದಕ್ಕ ಯಾವ ಲೈಸೆನ್ಸೂ ಬ್ಯಾಡ. 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಬ್ಯಾರಲ್ ತೂತು 4.5 ಎಂಎಂ ಒಳಗಿಂದು, ಹೊಡತದ ಶಕ್ತಿ 20 ಜೂಲ್ ಒಳಗಿಂದು ಏರ್‌ಗನ್ ಆದ್ರ ಲೈಸೆನ್ಸ್ ಬೇಕಾಗಿಲ್ಲ, ಅಂಗಡಿಯಾಗ ಗುರುತಿನ ಚೀಟಿ ಕೊಟ್ಟು ತಗೋರಿ, ಬಿಲ್ ಜ್ವಾಕ್ಯಾಗಿ ಇಟ್ಕೋರಿ, ಗನ್ ಒಯ್ಯೂಮುಂದ ಕೇಸಿನ್ಯಾಗ ಹಾಕಿ ಬಿಲ್ಲಿನ ಝೆರಾಕ್ಸ್ ಜತಿಗೆ ಒಯ್ರಿ.

ಈಗ ವಿಷಯಕ್ಕ ಬರ್ತೀನಿ. 10 ಮೀಟರ್ ರೈಫಲ್ ಟಾರ್ಗೆಟ್ ನಡುವಿನ ಹತ್ತು ಅಂಕದ ಚುಕ್ಕಿ ಎಷ್ಟು ಅಗಲ ಗೊತ್ತೇನು, ಅರ್ಧ ಮಿಲಿಮೀಟರ್. ಪೆಲೆಟ್ಟು 4.5 ಎಂಎಂ. ಪೆಲೆಟ್ಟಿನ ಅಂಚು ಆ ಚುಕ್ಕಿ ಮುಟ್ಟಿದ್ರೂ ಹತ್ತು ಸಿಗ್ತೈತಿ, ಅಂದ್ರ ಪೆಲೆಟ್ಟಿನ ನಡು ಟಾರ್ಗೆಟ್ ನಡುವಿನಿಂದ 2.5 ಎಂಎಂ ಅತ್ತಿತ್ತ ಆದ್ರ ನಡೀತೈತಿ, ಅದರಾಚೆ ಹೋದ್ರ ಒಂಬತ್ತು. ಈಗ ನೀವು ಸಂತಿಯಾಗ ಸಿಗೋ ಅಗ್ಗದ ಪೆಲೆಟ್ ಹಾಕಿದ್ರಿ, ಅದು ರೈಫಲ್ ಬಿಗಿದಿಟ್ಟು ಹೊಡದ್ರೂ ಎಂಟೊಂಬತ್ತು ಮಿಲಿಮೀಟರ್ ಚದರ್ತೈತಿ ಅಂತ ಇಟ್ಕೋರಿ, ಆಗ ನಿಮ್ಮ ಹುಡುಗ ಕಣ್ಣು, ಉಸಿರು, ಬೆರಳು ಎಲ್ಲಾ ಸರಿ ಇಟ್ಟು ಹೊಡದ್ರೂ ಒಂಬತ್ತು ಬೀಳ್ತಾವ. ಅವ ತನ್ನ ತಪ್ಪು ಅನ್ಕೋತಾನ. ಸರಿ ಇದ್ದ ನಿಲುವು ಬದಲ್ಸ್ತಾನ, ಸರಿ ಇದ್ದ ಗುರಿ ಹಿಡಿಯೋ ಸೈಟ್ ತಿರುವ್ತಾನ. ಕಲಿಯೋ ಹುಡುಗ ಸುಳ್ಳು ಟಾರ್ಗೆಟ್ ನೋಡಿ ಕಲಿಯೂದು ನಂಗ ಭಾಳ ಬ್ಯಾಸರ ಆಗ್ತೈತಿ, ಯಾಕಂದ್ರ ಆ ಕೆಟ್ಟ ಚಾಳಿ ಬಿಡಸಾಕ ಆಮ್ಯಾಲೆ ತಿಂಗಳಗಟ್ಟಲೆ ಹಿಡೀತೈತಿ.

ಪೆಲೆಟ್ಟಿನ ಆಕಾರ ಒಮ್ಮಿ ಕೈಯಾಗ ಹಿಡಿದು ನೋಡ್ರಿ. ಮುಂದ ಚಪ್ಪಟಿ ತಲಿ, ನಡುವ ಸೊಂಟ, ಹಿಂದ ಲಂಗದಂಗ ಅಗಲ ಆದ ತೆಳು ಬಾಲ, ಒಳಗ ಟೊಳ್ಳು. ತಲಿ ಬ್ಯಾರಲ್ಲಿನ ಗೆರಿ ಮ್ಯಾಲ ಕುಂತು ದಾರಿ ಹಿಡೀತೈತಿ, ಹಿಂದಿನ ಲಂಗ ಗಾಳಿ ಒತ್ತಡಕ್ಕ ಉಬ್ಬಿ ಬ್ಯಾರಲ್ಲಿಗೆ ಬಿಗಿ ಕುಂತು ಗಾಳಿ ಸೋರದಂಗ ತಡೀತೈತಿ. ಆ ಲಂಗದ ಅಂಚು ಒಂದೀಟು ಚಪ್ಪಟಿ ಆಗಿದ್ರ ಸಾಕು, ಒಂದು ಮಗ್ಗಲದಿಂದ ಗಾಳಿ ಮೊದ್ಲ ಹೊರಗ ನುಗ್ಗಿ ಬ್ಯಾರಲ್ ಬಾಯಿಯಿಂದ ಹೊಂಡೂಮುಂದ ಪೆಲೆಟ್ಟನ್ನ ವಾರಿ ಮಾಡಿಬಿಡ್ತೈತಿ. ಮ್ಯಾಚ್ ಪೆಲೆಟ್ಟಿಗೆ, ಅಂದ್ರ ಸ್ಪರ್ಧಾದಾಗ ಬಳಸೋ ಪೆಲೆಟ್ಟಿಗೆ, ತಲಿ ಯಾಕ ಚಪ್ಪಟಿ ಅಂದ್ರ ಪೇಪರಿನ್ಯಾಗ ಕತ್ತರಿಸಿದಂಗ ದುಂಡನ್ನ ತೂತು ಬೀಳಬೇಕು, ಅಂಕಿ ಹಾಕಾಕ ಜಗಳ ಇರಬಾರ್ದು. ಚೂಪು ತಲಿದು, ದುಂಡು ತಲಿದು 10 ಮೀಟರ್‌ಗೆ ಬ್ಯಾಡ, ಅವು ಪೇಪರ್ ಹರೀತಾವ.

ತೂಕದ ಬಗ್ಗೆ ಒಂದು ಮಾತು ಹೇಳಬೇಕು, ಯಾಕಂದ್ರ ಇಲ್ಲೆ ಮಂದಿ ಸುಮ್‌ಸುಮ್ನ ರೊಕ್ಕ ಹಾಳು ಮಾಡ್ತಾರ. ರೈಫಲ್ ಪೆಲೆಟ್ ಸಾಮಾನ್ಯ 0.53 ಗ್ರಾಂ ಇರ್ತೈತಿ, ಡಬ್ಬಿ ಮ್ಯಾಲ 8.2 ಗ್ರೇನ್ ಅಂತಲೂ ಬರ್ದಿರ್ತಾರ, ಎರಡೂ ಒಂದ. ವಿಡಿಯೋ ನೋಡಿ ಪತ್ತಾರರ ಅಂಗಡಿಯಾಗಿನಂಥ ತಕ್ಕಡಿ ತಂದು ಒಂದೊಂದು ಪೆಲೆಟ್ ತೂಗಿ ಬ್ಯಾರೆ ಬ್ಯಾರೆ ಡಬ್ಬಿಗೆ ಹಾಕವ್ರು ಅದಾರ. ಲೆಕ್ಕ ಹಾಕೂಣು ಬರ್ರಿ. ಮ್ಯಾಚ್ ರೈಫಲ್‌ನಿಂದ ಪೆಲೆಟ್ ಸೆಕೆಂಡಿಗೆ ಸುಮಾರು 175 ಮೀಟರ್ ವೇಗದಾಗ ಹೊಂಡ್ತೈತಿ, 10 ಮೀಟರ್ ಮುಟ್ಟೂದ್ರಾಗ ಭೂಮಿ ಸೆಳೆತಕ್ಕ ಸುಮಾರು 16 ಎಂಎಂ ಕೆಳಗ ಬೀಳ್ತೈತಿ. ಪೆಲೆಟ್ ತೂಕ ನೂರಕ್ಕ ಒಂದರಷ್ಟು, ಅಂದ್ರ 0.005 ಗ್ರಾಂ ಹೆಚ್ಚಾದ್ರ, ಆ ಇಳಿತದಾಗೂ ನೂರಕ್ಕ ಒಂದರಷ್ಟ ಫರಕ್ ಬೀಳೂದು, ಅಂದ್ರ 0.16 ಎಂಎಂ. ಕೂದಲೆಳಿ ಎರಡು ಸೇರ್ಸಿದಷ್ಟು. ಚಲೋ ಕಂಪನಿ ಮ್ಯಾಚ್ ಪೆಲೆಟ್‌ನ್ಯಾಗ ಅಷ್ಟು ಫರಕೂ ಬರೂದು ಕಮ್ಮಿ. ಹಂಗಾಗಿ ತೂಗೂದು ಬಿಟ್ಟು ಆ ವ್ಯಾಳ್ಯಾನ ಕಣ್ಣಿಂದ ನೋಡೂದ್ರಾಗ ಹಾಕ್ರಿ. ಮುನ್ನೂರು ಮೀಟರ್ ಹೊಡಿಯವ್ರ ಲೆಕ್ಕ ಬ್ಯಾರೆ, ನಮ್ದು ಬ್ಯಾರೆ.

ಕಣ್ಣಿಂದ ನೋಡೂದು ಹೆಂಗಂದ್ರ, ಟ್ಯೂಬ್‌ಲೈಟ್ ಕೆಳಗ ಬಿಳಿ ಅರಿವಿ ಹಾಸ್ರಿ, ಡಬ್ಬಿ ಬೋರಲು ಹಾಕಿ ಸುರೀಬ್ಯಾಡ್ರಿ, ಮೆತ್ತಗ ಒಂದಿಷ್ಟು ಜಾರಸ್ರಿ. ಒಂದೊಂದನ್ನ ಎತ್ತಿ ಬಾಲದ ಕಡೆಯಿಂದ ನೋಡ್ರಿ, ಲಂಗದ ಅಂಚು ದುಂಡಗಿರಬೇಕು, ಸೀಸದ ಎಳಿ ಅಂಟ್ಕೊಂಡಿರಬಾರ್ದು. ಅನುಮಾನ ಬಂದ್ರ ಒಂದು ಸಪಾಟ ಗಾಜಿನ ತುಂಡು ಒಂದೀಟು ಓರಿ ಇಟ್ಟು ಅದರ ಮ್ಯಾಲ ಉಳ್ಳಿಸ್ರಿ. ತಲಿ ಸಣ್ಣದು ಬಾಲ ದೊಡ್ಡದು ಇರೂದ್ರಿಂದ ಪೆಲೆಟ್ ಸೀದಾ ಉಳ್ಳಂಗಿಲ್ಲ, ಕಮಾನಿನಂಗ ತಿರುಗಿ ಉಳ್ಳತೈತಿ. ಚಲೋ ಪೆಲೆಟ್ ಎಲ್ಲಾ ಒಂದ ಹಾದಿಯಾಗ ತಿರುಗ್ತಾವ, ಪೆಟ್ಟು ತಿಂದದ್ದು ಕುಂಟ್ಕೋತ ಹೋಗ್ತೈತಿ, ಕಿವಿಗೊಟ್ಟು ಕೇಳಿದ್ರ ಟಕ್ ಟಕ್ ಸಪ್ಪಳಾನೂ ಬರ್ತೈತಿ. ಅಂಥವನ್ನ ತಗದು ಅಭ್ಯಾಸಕ್ಕಂತ ಬ್ಯಾರೆ ಇಡ್ರಿ. ಹುಡುಗೂರಿಗೆ ಈ ಕೆಲಸ ಕೊಡ್ರಿ, ಭಾಳ ಖುಷಿಯಿಂದ ಮಾಡ್ತಾವ, ಕಣ್ಣೂ ಚುರುಕಾಗ್ತಾವ.

ಅದಕ್ಕಿಂತ ದೊಡ್ಡ ವಿಷಯ ಅಂದ್ರ ನಿಮ್ಮ ಬ್ಯಾರಲ್‌ಗೆ ಯಾವ ಪೆಲೆಟ್ ಒಗ್ತೈತಿ ಅನ್ನೂದು. ಮ್ಯಾಚ್ ಪೆಲೆಟ್ ಡಬ್ಬಿ ಮ್ಯಾಲ 4.49, 4.50, 4.51 ಅಂತ ತಲಿ ಅಳತಿ ಬರ್ದಿರ್ತಾರ, ಲಾಟ್ ನಂಬರೂ, ಅಂದ್ರ ಒಮ್ಮಿಗೆ ತಯಾರಾದ ಸರಕಿನ ನಂಬರೂ, ಇರ್ತೈತಿ. ಒಂದ ಕಂಪನಿದು ಎರಡು ರೈಫಲ್ ತಂದ್ರೂ ಒಂದಕ್ಕ 4.49 ಚಲೋ ಕುಂದ್ರಬಹುದು, ಇನ್ನೊಂದಕ್ಕ 4.50. ಗೆಳ್ಯಾಗ ಆರ್‌ಡಬ್ಲ್ಯುಎಸ್ ಕಂಪನಿ ಆರ್-10 ಪೆಲೆಟ್ ಚಲೋ ಹೊಡೀತೈತಿ ಅಂತ ನಿಮಗೂ ಹೊಡಿಯಬೇಕಂತಿಲ್ಲ, ನಿಮ್ಮ ಬ್ಯಾರಲ್‌ಗೆ ಎಚ್ ಅಂಡ್ ಎನ್ ಫಿನಾಲೆ ಮ್ಯಾಚ್ ಒಗ್ಗಬಹುದು. ಹೊಡದ ನೋಡಬೇಕು. ರೈಫಲ್ ಬಿಗಿಯಾಕ ವೈಸ್ ಇದ್ರ ಚಲೋ, ಇಲ್ಲಂದ್ರ ಗಟ್ಟಿ ಟೇಬಲ್ ಮ್ಯಾಲ ಉಸುಕಿನ ಚೀಲ ಇಟ್ಟು ಅದರ ಮ್ಯಾಲ ರೈಫಲ್ ಕೂಡ್ರಿಸಿ, ಕುಂತು, ಒಂದ ಬಿಂದುವಿಗೆ ಐದು ಹೊಡೀರಿ. ಸೈಟ್ ತಿರುವಬ್ಯಾಡ್ರಿ, ನಡುವ ಬಿತ್ತೋ ಮಗ್ಗಲಕ್ಕ ಬಿತ್ತೋ ಈಗ ಬ್ಯಾಡ, ಐದೂ ಎಷ್ಟು ಒತ್ತಟ್ಟಿಗೆ ಬಿದ್ದಾವ ಅನ್ನೂದಷ್ಟ ನೋಡ್ರಿ. ತೂತುಗಳ ಹೊರಗಿನ ಅಂಚಿನಿಂದ ಅಂಚಿಗೆ ಅಳದು 4.5 ಕಳೀರಿ, ಅದ ನಿಮ್ಮ ಗ್ರೂಪ್. ಒಂದ ಗ್ರೂಪ್ ನೋಡಿ ತೀರ್ಪು ಕೊಡಬ್ಯಾಡ್ರಿ, ಒಂದೊಂದು ಪೆಲೆಟ್‌ದೂ ನಾಕೈದು ಗ್ರೂಪ್ ತಗೋರಿ. ಪೆಲೆಟ್ ಬದಲ್ಸಿದ ಮ್ಯಾಲ ಮೊದ್ಲಿನ ಕೆಲವು ಹೊಡತ ಲೆಕ್ಕಕ್ಕ ಹಿಡೀಬ್ಯಾಡ್ರಿ, ಬ್ಯಾರಲ್ ಹೊಸ ಸೀಸಕ್ಕ ಹೊಂದ್ಕೊಳ್ಳಬೇಕು. ಮ್ಯಾಚ್ ರೈಫಲ್ ಇದ್ದು ಪೆಲೆಟ್ ಒಗ್ಗಿದ್ರ ಬಿಗಿದಿಟ್ಟಾಗ ಎಲ್ಲಾ ಗುಂಡು ಬಹುತೇಕ ಒಂದ ತೂತಿನ್ಯಾಗ ಹೋಗ್ತಾವ, ಹೊರಗಿನ ಅಂಚು ಸೇರಿ 5-6 ಎಂಎಂ. ಒಗ್ಗಿದ್ದು ಸಿಕ್ಕ ಕೂಡ್ಲೆ ಅದ ಲಾಟ್ ನಂಬರಿಂದು ಕೈಲಾದಷ್ಟು ಡಬ್ಬಿ ತಗೊಂಡು ಇಡ್ರಿ, ಮುಂದಿನ ಲಾಟ್ ಹಂಗ ಬರ್ತೈತಿ ಅನ್ನೋ ಗ್ಯಾರಂಟಿ ಇಲ್ಲ.

ಸ್ಪ್ರಿಂಗ್ ಗನ್ನಿನವ್ರೂ ಇದನ್ನ ಮಾಡ್ರಿ, ಆದ್ರ ಸ್ಪ್ರಿಂಗ್ ಗನ್ನನ್ನ ಚೀಲದ ಮ್ಯಾಲ ಬಿಗಿಯಾಗಿ ಒತ್ತಿ ಹಿಡೀಬ್ಯಾಡ್ರಿ. ಒಳಗಿನ ಪಿಸ್ಟನ್ ಮುಂದ ಹಾರೂಮುಂದ ಗನ್ ಹಿಂದ ಬರ್ತೈತಿ, ಪಿಸ್ಟನ್ ಬಡದ ಕೂಡ್ಲೆ ಮುಂದ ಜಿಗೀತೈತಿ, ಅದು ತನ್ನ ಪಾಡಿಗೆ ಕುಣೀಲಿ ಅಂತ ಬಿಡಬೇಕು, ಅಂಗೈ ಚೀಲದ ಮ್ಯಾಲ ಇಟ್ಟು ಅದರ ಮ್ಯಾಲ ಗನ್ ಸುಮ್ನ ಕೂಡ್ರಿಸಿದ್ರ ಸಾಕು. ಸಾದಾ ಸ್ಕೋಪ್ ಹಾಕಿದ್ರ ಈ ಎರಡೂ ಕಡೆ ಹೊಡತಕ್ಕ ಒಳಗಿನ ಗಾಜು ಕಿತ್ಕೊಂಡು ಬರ್ತೈತಿ. ಪೆಲೆಟ್ ಇಲ್ದ ಖಾಲಿ ಹೊಡೀಲೇಬ್ಯಾಡ್ರಿ, ಪಿಸ್ಟನ್ನಿಗೆ ಗಾಳಿಯ ದಿಂಬು ಸಿಗಂಗಿಲ್ಲ, ಸೀಲ್ ಹೋಗ್ತೈತಿ.

ಮನಿ ಹಿತ್ತಲದಾಗ ಹೊಡಿಯವ್ರು ಹಿಂದ ಏನಿಟ್ಟೀರಿ ಅನ್ನೂದು ಮೊದ್ಲ ನೋಡ್ರಿ. ಕಲ್ಲಿನ ಗ್ವಾಡಿ, ಬರೇ ಫ್ಲೈವುಡ್ ಎರಡೂ ಬ್ಯಾಡ, ಪೆಲೆಟ್ ತಿರುಗಿ ಬಂದು ಕಣ್ಣಿಗೆ ಬಡೀತೈತಿ, ಹೊಡಿಯವ್ರು ನೋಡವ್ರು ಎಲ್ಲಾರೂ ಕನ್ನಡಕ ಹಾಕ್ರಿ. ನಮ್ಮ ಮನ್ಯಾಗ ಒಂದು ಕಟಿಗಿ ಪೆಟ್ಟಿಗಿ ಐತಿ, ಹಿಂದಿನ ಮಗ್ಗಲಕ್ಕ ದಪ್ಪ ಕಬ್ಬಿಣ ಶೀಟು, ಅದರ ಮುಂದ ಹಳೇ ಕೌದಿ ನಾಕ್ ಪದರ ಮಡಚಿ ಜೋತಾಡಂಗ ಕಟ್ಟೀವಿ. ಬಿಗಿಯಾಗಿ ಬಡದ ಅರಿವಿಯಾಗ ಪೆಲೆಟ್ ತೂರ್ತೈತಿ, ಜೋತಾಡೋ ಕೌದಿ ಅದರ ಜೋರೆಲ್ಲಾ ತಾನ ನುಂಗ್ತೈತಿ, ಪೆಲೆಟ್ ಕೆಳಗ ಟಪ್ಪಂತ ಬೀಳ್ತೈತಿ. ಕೆಳಗ ಟ್ರೇ ಇಟ್ಟು ಸೀಸ ಕೂಡ್ಸಿ ಇಡ್ರಿ, ಕಸದಾಗ ಒಗೀಬ್ಯಾಡ್ರಿ.

ಸೀಸ ಅಂದ್ರ ವಿಷ, ಅದನ್ನ ಹಗುರ ತಿಳ್ಕೋಬ್ಯಾಡ್ರಿ. ಪೆಲೆಟ್ ಬಾಯಾಗ ಹಿಡಿಯೋ ಚಟ ಕೆಲವ್ರಿಗೆ ಐತಿ, ಹುಡುಗೂರು ಮಾಡಿದ್ರ ಅಲ್ಲೇ ಬಿಡಿಸ್ರಿ. ಅಭ್ಯಾಸ ಮುಗದ ಕೂಡ್ಲೆ ಗಿರ್ಮಿಟ್ ಪ್ಲೇಟಿಗೆ ಕೈ ಹಾಕೂಕ್ಕಿಂತ ಮೊದ್ಲ ಸಾಬಾಣ ಹಚ್ಚಿ ಕೈ ತೊಳೀರಿ. ಮಳಿಗಾಲದಾಗ ಧಾರವಾಡದ ಥಂಡಿಗೆ ಪೆಲೆಟ್ ಮ್ಯಾಲ ಬಿಳೇ ಪುಡಿ ಕಟ್ಟಿದ್ರ ಆ ಡಬ್ಬಿ ಮುಗೀತು ಅಂತ ತಿಳೀರಿ, ಒರಸಿ ಹೊಡಿಯಾಕ ಹೋಗಬ್ಯಾಡ್ರಿ, ಆ ಪುಡಿ ಉಸಿರಿನ್ಯಾಗ ಹೋಗ್ತೈತಿ. ಡಬ್ಬಿಯನ್ನ ಸಿಲಿಕಾ ಜೆಲ್ ಪುಡಿಕಿ ಜತಿಗೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬ್ಯಾಗ ಇಟ್ರ ವರ್ಷಗಟ್ಟಲೆ ಇರ್ತಾವ. ಬಸ್ಸಿನ್ಯಾಗ ಒಯ್ಯೂಮುಂದ ಒಳಗ ಸ್ಪಂಜಿನ ಬಿಲ್ಲಿ ಕತ್ತರಿಸಿ ಹಾಕ್ರಿ, ಗದಗ ರೋಡಿನ್ಯಾಗ ಕುಲುಕಾಡಿ ಲಂಗ ಎಲ್ಲಾ ಚಪ್ಪಟಿ ಆಗಬಾರ್ದು.

ಪಿಸಿಪಿ, ಅಂದ್ರ ಸಿಲಿಂಡರಿನ್ಯಾಗ ಮೊದ್ಲ ಗಾಳಿ ತುಂಬಿಟ್ಟು ಹೊಡಿಯೋ ರೈಫಲ್, ಸೆಕೆಂಡ್ ಹ್ಯಾಂಡ್ ತಗೊಳ್ಳವ್ರು ಬ್ಯಾರಲ್ ನೋಡೂಕ್ಕಿಂತ ಮೊದ್ಲ ಸಿಲಿಂಡರ್ ಮ್ಯಾಲಿನ ತಾರೀಖು ನೋಡ್ರಿ. 200 ಬಾರ್ ಒತ್ತಡದ ಗಾಳಿ ತುಂಬೋ ಸಾಮಾನು ಅದು, ಸಾಮಾನ್ಯ ಹತ್ತು ವರ್ಷಕ್ಕ ಅದರ ಆಯುಷ್ಯ ಮುಗೀತೈತಿ, ಮ್ಯಾಚಿನ್ಯಾಗೂ ತಾರೀಖು ಮೀರಿದ್ರ ಒಳಗ ಬಿಡಂಗಿಲ್ಲ. ಕೈ ಪಂಪಿನಿಂದ ತುಂಬೂಮುಂದ ನಡುನಡುವ ಪಂಪ್ ಆರಾಕ ಬಿಡ್ರಿ, ಬಿಸಿ ಆದಷ್ಟು ಹಸಿ ಗಾಳಿ ಒಳಗ ಹೋಗ್ತೈತಿ. ಏಪ್ರಿಲ್ ಮೇ ಬಿಸಲಾಗ ಕಾರಿನ ಡಿಕ್ಕಿಯಾಗ ತುಂಬಿದ ಸಿಲಿಂಡರ್ ಬಿಟ್ಟು ಹೋಗಬ್ಯಾಡ್ರಿ.

ಪಿಸ್ತೂಲಿನವ್ರಿಗೆ ಇದೆಲ್ಲಾ ಅಷ್ಟು ಬಿಗಿ ಇಲ್ಲ, ಅವ್ರ ಹತ್ತು ಅಂಕದ ವರ್ತುಲ 11.5 ಎಂಎಂ ಐತಿ, 0.45 ಗ್ರಾಂ ಹಗುರ ಪೆಲೆಟ್ ಸಾಕು, ಲಾಟ್ ಹುಡ್ಕೂದ್ರಾಗ ಅಷ್ಟು ರೊಕ್ಕ ಹಾಕಬ್ಯಾಡ್ರಿ. ಅವ್ರು ನೋಡಬೇಕಾದದ್ದು ಟ್ರಿಗರ್, 500 ಗ್ರಾಂ ತೂಕ ತೂಗಾಕಿದ್ರೂ ಅದು ಬಿಡಬಾರ್ದು, ಮ್ಯಾಚಿಗೆ ಹೋಗೋ ಹಿಂದಿನ ದಿನ ಮನ್ಯಾಗ ಒಮ್ಮಿ ತೂಕದ ಕಲ್ಲು ಕಟ್ಟಿ ನೋಡಿಕೊಂಡ ಹೊಂಡ್ರಿ.